ಹಸಿರು ಪರದೆಯ ನಿತ್ಯ ದುರಸ್ತಿ

ಮಂಡ್ಯ ಜಿಲ್ಲೆಯ ಶೀಳನೆರೆ ಹೋಬಳಿಯವರು ರೈಲು ಹಿಡಿಯಬೇಕಾದರೆ ಒಂದೋ ಮೈಸೂರು–ಅರಸೀಕೆರೆ ಮಾರ್ಗದ ಅಕ್ಕಿಹೆಬ್ಬಾಳು, ಮಂದಗೆರೆ ಕಡೆಗೆ ಹೋಗಬೇಕು, ಇಲ್ಲವೇ ಬೆಂಗಳೂರು–ಮೈಸೂರು ಮಾರ್ಗದ ಪಾಂಡವಪುರಕ್ಕೋ ಶ್ರೀರಂಗಪಟ್ಟಣಕ್ಕೋ ಬರಬೇಕು. ನಾಗಮಂಗಲ ಸೀಮೆಯವರಿಗೆ ಬಿ.ಜಿ. ನಗರದ ನಿಲ್ದಾಣವಿದೆ. ಎಲ್ಲಿಂದ ಹೊರಟರೂ, ದೂರದ ಊರಿಗೆ ಮುಂಗಡವಾಗಿ ಸೀಟು ಹಿಡಿಯಬೇಕೆಂದರೆ ಕೌಂಟರಿನಲ್ಲಿ ಕೇಳಿದ್ದೂ ಮೊಬೈಲಿನಲ್ಲಿ ಒತ್ತಿದ್ದೂ ಕೊನೆಗೆ ಹೋಗಿ ಸೇರುವುದು ಒಂದೇ ಕಡೆಗೆ: ರೈಲ್ವೆಯವರು ಪಿಆರ್‌ಎಸ್ ಎಂದು ಕರೆಯುವ ಮುಂಗಡ ಟಿಕೆಟ್ ವ್ಯವಸ್ಥೆಗೆ. ಇದು 1985–86ರಲ್ಲಿ ದೆಹಲಿಯಲ್ಲಿ ಶುರುವಾಯಿತು. ಮೊದಲ ತಂತ್ರಾಂಶವನ್ನು ಬರೆದದ್ದು ಸರ್ಕಾರಿ ಸಂಸ್ಥೆಯಾಗಿದ್ದ ಸಿಎಂಸಿ. 1994ರಲ್ಲಿ ರೈಲ್ವೆಯದೇ ಸಂಸ್ಥೆ ಕ್ರಿಸ್ ರೂಪಿಸಿದ ‘ಕನ್ಸರ್ಟ್’ ತಂತ್ರಾಂಶ ಸಿಕಂದರಾಬಾದಿನಲ್ಲಿ ಜಾರಿಗೆ ಬಂತು. 1999ರಲ್ಲಿ ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈ, ಸಿಕಂದರಾಬಾದ್ ಕೇಂದ್ರಗಳು ಒಂದಕ್ಕೊಂದು ಜೋಡಣೆಯಾದವು. ಈಗಿರುವ ವ್ಯವಸ್ಥೆ 2010ರಲ್ಲಿ ಜಾರಿಯಾದದ್ದು, ಇಟಾನಿಯಂ ಸರ್ವರುಗಳ ಮೇಲೆ, ಓಪನ್‌ವಿಎಂಎಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ನಡೆಯುತ್ತಿದೆ ಎಂದು ಕೇಂದ್ರ ಸರ್ಕಾರವೇ 2025ರಲ್ಲಿ ಸಂಸತ್ತಿಗೆ ಹೇಳಿತು. ಅದರ ಮೂಲರೂಪವಾದ ವಿಎಂಎಸ್ ಹುಟ್ಟಿದ್ದು 1977ರಲ್ಲಿ. ಇಂಟೆಲ್ ಕಂಪನಿ ಇಟಾನಿಯಂ ಚಿಪ್ಪುಗಳ ಸರಬರಾಜನ್ನು 2021ರಲ್ಲೇ ನಿಲ್ಲಿಸಿಬಿಟ್ಟಿದೆ. ಅದಕ್ಕೇ ಸರ್ಕಾರ ಈ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಲು ಹೊರಟಿದೆ.

ರೈಲ್ವೆಯ ಯಂತ್ರಗಳನ್ನು ಕಟ್ಟುನಿಟ್ಟಿನ ಅರ್ಥದಲ್ಲಿ ಮೇನ್‌ಫ್ರೇಮ್ ಎನ್ನಲಾಗದು. ಆ ಹೆಸರು ಹೆಚ್ಚಾಗಿ ಸಲ್ಲುವುದು 1964ರ ಐಬಿಎಂ ಸಿಸ್ಟಮ್/360ರಿಂದ 2025ರ ಜೆಡ್17ರವರೆಗೆ ಬೆಳೆದುಬಂದ ವಂಶಕ್ಕೆ. ಆದರೆ ಕೆಲಸದ ಬಗೆ ಒಂದೇ. ನಡುವೆ ಒಂದು ದೊಡ್ಡ ಯಂತ್ರ, ಸುತ್ತ ಸಾವಿರಾರು ಟರ್ಮಿನಲ್‌ಗಳು. ಟರ್ಮಿನಲ್ ತಾನಾಗಿ ಏನನ್ನೂ ಲೆಕ್ಕ ಹಾಕುವುದಿಲ್ಲ, ಬರೆದದ್ದನ್ನು ಒಯ್ಯುತ್ತದೆ, ಬಂದದ್ದನ್ನು ತೋರಿಸುತ್ತದೆ. ಈ ಬಗೆಯ ವ್ಯವಸ್ಥೆಗಳ ಮಾತು ಬಂದಾಗಲೆಲ್ಲ ಪತ್ರಿಕೆಗಳೂ ಅಧಿಕಾರಿಗಳೂ ಚರ್ಚಿಸುವುದು ನಡುವಿನ ದೊಡ್ಡ ಯಂತ್ರವನ್ನೇ: ಅದು ಹಳತಾಯಿತು, ಬದಲಿಸಬೇಕು, ಇಷ್ಟು ಕೋಟಿ ಬೇಕು. ಮನುಷ್ಯನಿಗೂ ಆ ಯಂತ್ರಕ್ಕೂ ನಡುವೆ ಕೂತಿರುವ ಚಿಕ್ಕ ತಂತ್ರಾಂಶವೊಂದರ ಹೆಸರನ್ನು ಯಾರೂ ಎತ್ತುವುದಿಲ್ಲ. ಅದೇ ಟರ್ಮಿನಲ್ ಎಮ್ಯುಲೇಟರ್. ಮೇನ್‌ಫ್ರೇಮಿನಲ್ಲಿ ನಿಜವಾಗಿ ಬೇಗ ಹಳತಾಗುವುದು, ಅಪಾಯಕ್ಕೆ ಬಾಗಿಲು ತೆರೆಯುವುದು ಬಹುಮಟ್ಟಿಗೆ ಈ ನಡುವಿನ ತಂತ್ರಾಂಶವೇ. ಆದ್ದರಿಂದ ಅದರ ಅಪ್‌ಡೇಟುಗಳನ್ನು ಬಿಡುವಾದಾಗ ಮಾಡುವ ಚಿಲ್ಲರೆ ಕೆಲಸವೆಂದು ತಳ್ಳಿಹಾಕದೆ ಸಾರ್ವಜನಿಕ ಸೇವೆಯ ನಿತ್ಯ ದುರಸ್ತಿಯೆಂದೇ ಎಣಿಸಬೇಕು. ಈ ಲೇಖನದ ವಾದ ಇಷ್ಟೇ.

ಮೊದಲು ಆ ಟರ್ಮಿನಲ್ ಏನು ಮಾಡುತ್ತಿತ್ತೆಂದು ತಿಳಿಯಬೇಕು. 1971ರಲ್ಲಿ ಐಬಿಎಂ ‘3270’ ಎಂಬ ಪರದೆ-ಟರ್ಮಿನಲ್ ಸಾಲನ್ನು ಹೊರತಂದಿತು. ಕಪ್ಪು ಹಿನ್ನೆಲೆಯಲ್ಲಿ ಹಸಿರು ಅಕ್ಷರಗಳು. ಬಹುಬಳಕೆಯ ಮಾದರಿಯಲ್ಲಿ 24 ಸಾಲು, ಸಾಲಿಗೆ 80 ಅಕ್ಷರ, ಒಟ್ಟು 1,920 ಮನೆಗಳು. ಇಂದಿಗೂ ಈ ಕ್ಷೇತ್ರದಲ್ಲಿ ದುಡಿಯುವವರು ಅದನ್ನು ‘ಗ್ರೀನ್ ಸ್ಕ್ರೀನ್’ ಎಂದೇ ಕರೆಯುತ್ತಾರೆ. ಇದರ ಜಾಣತನವಿದ್ದದ್ದು ಬಣ್ಣದಲ್ಲಲ್ಲ, ಕೆಲಸದ ಕ್ರಮದಲ್ಲಿ. ರೈಲ್ವೆಯ ವಿಎಂಎಸ್ ಮಾದರಿಯ ಟರ್ಮಿನಲ್‌ಗಳು ಒತ್ತಿದ ಒಂದೊಂದು ಕೀಲಿಯನ್ನೂ ಆಗಿಂದಾಗಲೇ ಯಂತ್ರಕ್ಕೆ ಕಳಿಸುತ್ತವೆ. 3270 ಹಾಗಲ್ಲ. ಯಂತ್ರ ಒಂದು ಖಾಲಿ ಅರ್ಜಿಯಂಥ ಪರದೆಯನ್ನು ಕಳಿಸುತ್ತದೆ. ಯಾವ ಜಾಗದಲ್ಲಿ ಬರೆಯಬಹುದು, ಯಾವ ಜಾಗ ಮುಟ್ಟಬಾರದು, ಎಲ್ಲಿ ಅಂಕಿ ಮಾತ್ರ ಬರಬೇಕು ಎಂಬ ಗುರುತುಗಳೂ ಅದರ ಜೊತೆಗೇ ಬರುತ್ತವೆ. ಗುಮಾಸ್ತರು ಎಲ್ಲವನ್ನೂ ತುಂಬಿ ಎಂಟರ್ ಒತ್ತುವವರೆಗೂ ಯಂತ್ರಕ್ಕೆ ಆ ಕಡೆಯ ಗೊಡವೆಯೇ ಇಲ್ಲ. ಒತ್ತಿದ ಮೇಲೂ ಪೂರ್ತಿ ಪರದೆ ಹೋಗುವುದಿಲ್ಲ, ಬದಲಾದ ಜಾಗಗಳಷ್ಟೇ ಹೋಗುತ್ತವೆ. ತಂತಿಗಳು ನಿಧಾನವಾಗಿದ್ದ, ಯಂತ್ರದ ಒಂದೊಂದು ಕ್ಷಣಕ್ಕೂ ಬೆಲೆಯಿದ್ದ ಕಾಲದಲ್ಲಿ ಒಂದೇ ಯಂತ್ರ ಸಾವಿರಾರು ಜನರಿಗೆ ಏಕಕಾಲಕ್ಕೆ ಉತ್ತರಿಸಲು ಸಾಧ್ಯವಾದದ್ದು ಈ ಮಿತವ್ಯಯದಿಂದ. ಬ್ಯಾಂಕು, ವಿಮೆ, ವಿಮಾನಯಾನ ಸಂಸ್ಥೆಗಳ ತಂತ್ರಾಂಶಗಳೆಲ್ಲ ಈ ಅರ್ಜಿಯ ಕ್ರಮವನ್ನೇ ನಂಬಿ ಬರೆಯಲ್ಪಟ್ಟವು. ಮುಂದೆ ಮೇಜಿನ ಮೇಲೆ ಪಿಸಿ ಬಂದಾಗ ಆ ಭಾರದ ಟರ್ಮಿನಲ್ ಪೆಟ್ಟಿಗೆಗಳು ಹೋದವು. ಆದರೆ ತಂತ್ರಾಂಶಗಳು ಕಾಯುತ್ತಿದ್ದದ್ದು ಅವುಗಳ ಮಾತಿಗೇ. ಪಿಸಿಯೊಳಗೇ ಒಂದು ಕಿಟಕಿ ತೆರೆದು ‘ನಾನೇ ಆ ಟರ್ಮಿನಲ್’ ಎಂದು ಮೇನ್‌ಫ್ರೇಮನ್ನು ನಂಬಿಸುವ ತಂತ್ರಾಂಶ ಬೇಕಾಯಿತು. ಎಮ್ಯುಲೇಟರ್ ಹುಟ್ಟಿದ್ದು ಹಾಗೆ.

ಮಂಡ್ಯ ಜಿಲ್ಲೆಯವರಿಗೆ ಮೇನ್‌ಫ್ರೇಮಿಗೂ ಎಮ್ಯುಲೇಟರಿಗೂ ಇರುವ ನಂಟನ್ನು ಕನ್ನಂಬಾಡಿ ಕಟ್ಟೆಯ ಮೂಲಕ ವಿವರಿಸಬಹುದು. 1911ರಲ್ಲಿ ಕಟ್ಟಲು ಶುರುವಾದ ಆ ಕಲ್ಲುಗೋಡೆ ಇಂದಿಗೂ ನೀರು ಹಿಡಿದು ನಿಂತಿದೆ. ತುಕ್ಕು ಹಿಡಿದದ್ದು, ನೀರು ಸೋರಿಸಿದ್ದು ಕಬ್ಬಿಣದ ಗೇಟುಗಳು. ಈಚಿನ ವರ್ಷಗಳಲ್ಲಿ ಬದಲಿಸಿದ್ದು ಅವನ್ನೇ. ಗೇಟು ಸೋರುತ್ತದೆಂದು ಕಟ್ಟೆಯನ್ನೇ ಒಡೆಯಿರಿ ಎಂದು ಯಾರೂ ಹೇಳಲಿಲ್ಲ.

ಎಮ್ಯುಲೇಟರಿನಲ್ಲಿ ತುಕ್ಕು ಹಿಡಿಯುವುದು ಹೇಗೆ? ಸುರಕ್ಷತೆಯಿಂದಲೇ ಶುರುಮಾಡೋಣ. ಇಂಟರ್ನೆಟ್ ಮಾದರಿಯ ಜಾಲಗಳು ಬಂದಾಗ 3270ರ ಮಾತನ್ನು ಟೆಲ್‌ನೆಟ್ ಎಂಬ ಹಳೆಯ ವಿಧಾನದೊಳಗೆ ಇಟ್ಟು ಕಳಿಸುವ ಏರ್ಪಾಡಾಯಿತು. ಟಿಎನ್3270 ಎಂಬ ಅದರ ವಿವರಣೆಗಳು 1994ರಲ್ಲೂ ಸುಧಾರಿತ ರೂಪ 1998ರಲ್ಲೂ ಪ್ರಕಟವಾದವು. ಟೆಲ್‌ನೆಟ್‌ಗೆ ಗುಟ್ಟು ಎಂಬುದೇ ಗೊತ್ತಿಲ್ಲ. ಬಳಕೆದಾರನ ಹೆಸರು, ಪಾಸ್‌ವರ್ಡ್, ಖಾತೆಯ ಬಾಕಿ ಎಲ್ಲವೂ ಯಾರಾದರೂ ಓದಬಲ್ಲಂತೆ ಬಯಲಾಗಿಯೇ ತಂತಿಯ ಮೇಲೆ ಹರಿಯುತ್ತವೆ. ಒಂದೇ ಕಟ್ಟಡದೊಳಗಿನ ಕೇಬಲ್ಲಿನಲ್ಲಿ ಇದು ನಡೆಯಿತು. ಶಾಖೆಯಿಂದ ಶಾಖೆಗೆ, ಈಗ ಮನೆಯಿಂದ ಕಚೇರಿಗೆ ಎಂದಾದ ಮೇಲೆ ನಡೆಯುವುದಿಲ್ಲ. ಆದ್ದರಿಂದ ಎಮ್ಯುಲೇಟರುಗಳಿಗೆ ಗೂಢಲಿಪಿಯ ಕವಚ ಸೇರಿತು. ಟಿಎಲ್‌ಎಸ್ ಎಂಬ ಆ ಕವಚಕ್ಕೂ ಆಯುಸ್ಸಿದೆ: ಅದರ 1.0 ಮತ್ತು 1.1 ಆವೃತ್ತಿಗಳನ್ನು ಇಂಟರ್ನೆಟ್ ಮಾನಕ ಸಂಸ್ಥೆ 2021ರ ಮಾರ್ಚಿನಲ್ಲಿ ಔಪಚಾರಿಕವಾಗಿ ಕೈಬಿಟ್ಟಿತು. ಹತ್ತು ವರ್ಷ ಮುಟ್ಟದೆ ಬಿಟ್ಟ ಎಮ್ಯುಲೇಟರಿನಲ್ಲಿ ಕವಚ ಇದ್ದರೂ ಅದು ಹರಿದ ಕವಚ. ಸರ್ವರು ತಾನು ಹೇಳಿಕೊಂಡದ್ದೇ ಹೌದೇ ಎಂದು ಅದರ ಪ್ರಮಾಣಪತ್ರವನ್ನು ಪರಿಶೀಲಿಸುವುದೂ ಹಿಂದೆ ಬಹಳ ಕಡೆ ಐಚ್ಛಿಕವಾಗಿತ್ತು. ಒಳ್ಳೆಯ ಎಮ್ಯುಲೇಟರುಗಳು ಈಗ ಅದನ್ನು ಯಾರೂ ಹೇಳದೆಯೇ ಮಾಡುತ್ತವೆ. ಸಂಪರ್ಕದಲ್ಲಿ ಒಂದು ಸಾಲಿನ ಎಚ್ಚರಿಕೆ ಹೆಚ್ಚಿಸುವ ಇಂಥ ಅಪ್‌ಡೇಟು ಪರದೆಯ ಮೇಲೆ ಏನೂ ಹೊಸದನ್ನು ತೋರಿಸುವುದಿಲ್ಲ. ಅದರ ಬೆಲೆ ಯಾರಿಗೂ ಕಾಣದಿರುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ತೊಡಕು ಇನ್ನೂ ಸೂಕ್ಷ್ಮವಾದದ್ದು. 3270ರಲ್ಲಿ ಕೆಲವು ಜಾಗಗಳನ್ನು ‘ತೋರಿಸಬೇಡ’ ಎಂದು ಗುರುತು ಹಾಕಿ ಕಳಿಸಬಹುದು. ಪಾಸ್‌ವರ್ಡ್ ತುಂಬುವಾಗ ಅಕ್ಷರ ಕಾಣದಿರುವುದು ಇದರಿಂದಲೇ. ಕೆಲವು ತಂತ್ರಾಂಶಗಾರರು ಇದೇ ಗುರುತನ್ನು ಬೇರೆ ಕೆಲಸಕ್ಕೂ ಬಳಸಿದರು: ಬಳಕೆದಾರ ನೋಡಬಾರದ ಮಾಹಿತಿಯನ್ನು, ಅವನಿಗೆ ಸಲ್ಲದ ಆಯ್ಕೆಯನ್ನು ಪರದೆಯಲ್ಲೇ ಅಡಗಿಸಿಟ್ಟರು. ಹಳೆಯ ಪೆಟ್ಟಿಗೆಯ ಟರ್ಮಿನಲ್ ಯಂತ್ರ ಹೇಳಿದಂತೆ ಕೇಳುತ್ತಿದ್ದುದರಿಂದ ಅದು ಸಾಕಾಗಿತ್ತು. ಎಮ್ಯುಲೇಟರ್ ಒಂದು ತಂತ್ರಾಂಶ. ಅದನ್ನು ತಿದ್ದಿದರೆ ‘ತೋರಿಸಬೇಡ’ ಎಂದದ್ದನ್ನು ತೋರಿಸುತ್ತದೆ, ‘ಮುಟ್ಟಬೇಡ’ ಎಂದದ್ದನ್ನು ತಿದ್ದಿ ವಾಪಸು ಕಳಿಸುತ್ತದೆ. ಮೇನ್‌ಫ್ರೇಮ್ ಸುರಕ್ಷತೆ ಪರೀಕ್ಷಿಸುವವರು ಇದಕ್ಕೆಂದೇ ಉಪಕರಣಗಳನ್ನು ಮಾಡಿಕೊಂಡಿದ್ದಾರೆ. ಇಲ್ಲಿ ದೋಷ ಎಮ್ಯುಲೇಟರಿನದಲ್ಲ, ಟರ್ಮಿನಲ್ಲನ್ನು ನಂಬಿದ ತಂತ್ರಾಂಶದ್ದು, ನಿಜ. ಆದರೆ ಕಚೇರಿಯೊಂದರಲ್ಲಿ ಯಾವ ಎಮ್ಯುಲೇಟರ್, ಯಾವ ಆವೃತ್ತಿ, ಯಾರ ಕೈಯಲ್ಲಿದೆ ಎಂಬ ಲೆಕ್ಕವೇ ಇಲ್ಲದಿದ್ದರೆ ಈ ದೋಷ ಬೆಳಕಿಗೆ ಬರುವ ಬಗೆಯಾದರೂ ಯಾವುದು?

ಮೂರನೆಯದು ಕೆಳಗಿನ ನೆಲವೇ ಸರಿಯುವುದು. 1990ರ ದಶಕದ ಕೊನೆಯಲ್ಲಿ ಐಬಿಎಂನ ‘ಹೋಸ್ಟ್ ಆನ್-ಡಿಮಾಂಡ್’ ಬ್ರೌಸರಿನೊಳಗೇ ಜಾವಾ ಆಪ್ಲೆಟ್ ಆಗಿ ನಡೆಯುತ್ತಿತ್ತು. ಆಗ ಅದೇ ಹೊಸತು, ಪ್ರತಿ ಪಿಸಿಗೂ ತಂತ್ರಾಂಶ ಹಾಕುವ ತಲೆನೋವಿರಲಿಲ್ಲ. 2015ರಲ್ಲಿ ಕ್ರೋಮ್ ಬ್ರೌಸರ್ ಅಂಥ ಪ್ಲಗಿನ್‌ಗಳ ಬಾಗಿಲು ಮುಚ್ಚಿತು, ಉಳಿದವೂ ಅದೇ ಹಾದಿ ಹಿಡಿದವು. ಮೇನ್‌ಫ್ರೇಮಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಅದನ್ನು ತಲುಪುವ ದಾರಿ ಮಾತ್ರ ಮುಚ್ಚಿಹೋಯಿತು. ಹಾಗೆಯೇ, ಎಮ್ಯುಲೇಟರಿನ ಪರದೆಯನ್ನು ಮನುಷ್ಯನ ಬದಲು ತಂತ್ರಾಂಶವೇ ಓದಿ ತುಂಬುವಂತೆ ಮಾಡುವ ಹೆಚ್‌ಎಲ್‌ಎಲ್‌ಎಪಿಐ ಎಂಬ ಏರ್ಪಾಡಿದೆ. ಬ್ಯಾಂಕು, ವಿಮೆ ಕಂಪನಿಗಳಲ್ಲಿ ಎಕ್ಸೆಲ್ ಹಾಳೆಯಿಂದ ನೂರಾರು ನಮೂದುಗಳನ್ನು ಮೇನ್‌ಫ್ರೇಮಿಗೆ ಏರಿಸುವ ಮ್ಯಾಕ್ರೋಗಳು ಇದನ್ನೇ ನಂಬಿವೆ. ಹೊರಗೆ ಅಂದವಾಗಿ ಕಾಣುವ ಎಷ್ಟೋ ಜಾಲತಾಣಗಳ ಹಿಂದೆ ಹಸಿರು ಪರದೆಯ ಕೀಲಿ ಒತ್ತುತ್ತಿರುವುದು ಇಂಥದೇ ತಂತ್ರಾಂಶ. ಕಚೇರಿಯ ಎಕ್ಸೆಲ್ 32 ಬಿಟ್‌ನಿಂದ 64 ಬಿಟ್‌ಗೆ ಹೋದ ದಿನ ಹಳೆಯ ಎಮ್ಯುಲೇಟರಿನೊಂದಿಗೆ ಅದರ ಮಾತು ನಿಲ್ಲುತ್ತದೆ.

ಈ ದುರಸ್ತಿ ಮಾಡುವವರು ಯಾರು? ಬಹುಬಳಕೆಯ ಉಚಿತ ಎಮ್ಯುಲೇಟರ್ ಎಕ್ಸ್3270ರ ಹಕ್ಕುಸ್ವಾಮ್ಯದ ಟಿಪ್ಪಣಿ ಓದಿದರೇ ಒಂದು ಇತಿಹಾಸ ಸಿಗುತ್ತದೆ: 1989ರಲ್ಲಿ ಜಾರ್ಜಿಯಾ ಟೆಕ್, 1990ರಲ್ಲಿ ಜೆಫ್ ಸ್ಪಾರ್ಕ್ಸ್, 1993ರಿಂದ ಪಾಲ್ ಮ್ಯಾಟ್ಸ್. ಮೂರು ದಶಕ ಮೀರಿ ಒಬ್ಬರ ನಿಗಾದಲ್ಲಿ ಬೆಳೆದ ಈ ತಂತ್ರಾಂಶದಲ್ಲಿ ಈಗ ಕಿಟಕಿಯ ರೂಪ, ಬರೀ ಅಕ್ಷರದ ರೂಪ, ವಿಂಡೋಸ್ ರೂಪ, ಮುದ್ರಕದ ವೇಷ ಹಾಕುವ ರೂಪ, ಪರದೆಯೇ ಇಲ್ಲದೆ ಬೇರೆ ತಂತ್ರಾಂಶಗಳು ಬಳಸುವ ರೂಪ ಎಲ್ಲವೂ ಇವೆ. ಇಷ್ಟು ಶ್ರದ್ಧೆಗೆ ನಮ್ಮ ಕ್ಷೇತ್ರದಲ್ಲಿ ಸಿಗುವ ಮನ್ನಣೆ ಬಹಳ ಕಡಿಮೆ ಎಂಬುದು ಬೇಸರದ ಸಂಗತಿ. ಮಾರಾಟದ ಎಮ್ಯುಲೇಟರುಗಳ ಕತೆ ಬೇರೆ. ರಂಬಾ, ರಿಫ್ಲೆಕ್ಷನ್‌ಗಳಂಥ ಹೆಸರಾಂತ ಎಮ್ಯುಲೇಟರುಗಳು ಕಂಪನಿಯಿಂದ ಕಂಪನಿಗೆ ಕೈಬದಲಾಗಿ, ಮೈಕ್ರೋ ಫೋಕಸ್, ಓಪನ್‌ಟೆಕ್ಸ್ಟ್ ದಾಟಿ, 2024ರಲ್ಲಿ ರಾಕೆಟ್ ಸಾಫ್ಟ್‌ವೇರ್ ಪಾಲಾದವು. ಆ ಒಟ್ಟು ವಿಭಾಗದ ಬೆಲೆ 227 ಕೋಟಿ ಡಾಲರಿಗೂ ಮೇಲೆ. ನಮ್ಮ ದೇಶದ ಎಚ್‌ಸಿಎಲ್ ಕೂಡ ‘ಜೆಡ್ ಅಂಡ್ ಐ ಎಮ್ಯುಲೇಟರ್’ ಎಂಬುದನ್ನು ಮಾರುತ್ತದೆ. ಸತ್ತುಹೋಗುತ್ತಿರುವ ವಸ್ತುವಿಗೆ ಯಾರೂ ಇಷ್ಟು ಹಣ ಸುರಿಯುವುದಿಲ್ಲ.

ಇಲ್ಲಿ ಒಂದು ಬಲವಾದ ಆಕ್ಷೇಪ ಬರುತ್ತದೆ. ಹಳೆಯ ಯಂತ್ರಕ್ಕೆ ಹೊಸ ಕಿಟಕಿ ಹಚ್ಚುತ್ತ ಕೂರುವುದೇಕೆ, ಎಲ್ಲವನ್ನೂ ಕಿತ್ತು ಹೊಸದು ಕಟ್ಟಿದರೆ ಆಯಿತಲ್ಲ? ಕೆಲವೊಮ್ಮೆ ಕಟ್ಟಲೇಬೇಕು, ಇಟಾನಿಯಂ ಚಿಪ್ಪೇ ಸಿಗದ ಮೇಲೆ ರೈಲ್ವೆಗೆ ಬೇರೆ ದಾರಿಯಿಲ್ಲ. ಆದರೆ ಅವಸರದ ಬದಲಾವಣೆಯ ಬೆಲೆ ಎಷ್ಟೆಂಬುದಕ್ಕೆ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ ಸಾಕ್ಷಿ. 2018ರ ಏಪ್ರಿಲ್‌ನಲ್ಲಿ ಅದು ತನ್ನ ಸುಮಾರು 52 ಲಕ್ಷ ಗ್ರಾಹಕರ ದಾಖಲೆಗಳನ್ನು ಒಂದೇ ವಾರಾಂತ್ಯದಲ್ಲಿ ಹೊಸ ವ್ಯವಸ್ಥೆಗೆ ಸಾಗಿಸಿತು. ಲಕ್ಷಾಂತರ ಜನ ತಮ್ಮ ಖಾತೆಯನ್ನೇ ತೆರೆಯಲಾಗದೆ ವಾರಗಟ್ಟಲೆ ಪರದಾಡಿದರು. 2022ರಲ್ಲಿ ನಿಯಂತ್ರಣ ಸಂಸ್ಥೆಗಳು 4.86 ಕೋಟಿ ಪೌಂಡ್ ದಂಡ ಹಾಕಿದವು. ಇದರ ಪಕ್ಕದಲ್ಲಿ 2020ರ ನ್ಯೂಜೆರ್ಸಿಯ ಪ್ರಕರಣವನ್ನಿಡಬೇಕು. ಕೋವಿಡ್ ಬಂದು ಕೆಲಸ ಕಳೆದುಕೊಂಡವರ ಅರ್ಜಿಗಳು ಮುಗಿಬಿದ್ದಾಗ ಅಲ್ಲಿನ ಗವರ್ನರ್ ಫಿಲ್ ಮರ್ಫಿ, ಕೋಬಾಲ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆ ಬಲ್ಲ ಸ್ವಯಂಸೇವಕರು ಬೇಕು ಎಂದು ಕೇಳಿದರು. ಜಗತ್ತೆಲ್ಲ ಮೇನ್‌ಫ್ರೇಮನ್ನು ಬೈಯಿತು. ಕಂಪ್ಯೂಟರ್ ಇತಿಹಾಸ ಬರೆಯುವ ಮಾರ್ ಹಿಕ್ಸ್ ಅದೇ ವರ್ಷ ವಾದಿಸಿದ್ದು ಬೇರೆ: ಕುಸಿದದ್ದು ಹಿಂದಿನ ಕೋಬಾಲ್ ಅಲ್ಲ, ಜನ ಅರ್ಜಿ ತುಂಬುವ ಮುಂದಿನ ಜಾಲತಾಣ. ಅಂದರೆ ಮುಂಬಾಗಿಲು ಮುರಿದಾಗ ಒಳಮನೆಯ ಮೇಲೆ ದೂರು ಹೋಯಿತು.

ಎರಡನೆಯ ಆಕ್ಷೇಪ ಇನ್ನೂ ನ್ಯಾಯವಾದದ್ದು. ಹಸಿರು ಪರದೆ ಜನರಿಗೆ ಅರ್ಥವಾಗುವುದಿಲ್ಲ, ಮೌಸ್ ಇಲ್ಲ, ಚಿತ್ರವಿಲ್ಲ. ಅದರ ಮೇಲೆ ಬ್ರೌಸರಿನ ಹೊದಿಕೆ ಹಾಕಿದರೆ ಎಮ್ಯುಲೇಟರಿನ ಗೊಡವೆಯೇ ತಪ್ಪುತ್ತದಲ್ಲ? ಬಳಸುವವರು ಯಾರೆಂಬುದರ ಮೇಲೆ ಇದಕ್ಕೆ ಉತ್ತರವಿದೆ. ದಿನಕ್ಕೆ ನೂರಾರು ನಮೂದು ಮಾಡುವವರ ಬೆರಳುಗಳಿಗೆ ಪರದೆಯ ಕ್ರಮ ಬಾಯಿಪಾಠವಾಗಿರುತ್ತದೆ. ಟ್ಯಾಬ್ ಒತ್ತಿ ಮುಂದಿನ ಜಾಗ, ಎಫ್3 ಒತ್ತಿ ಹಿಂದೆ, ಎಫ್8 ಒತ್ತಿ ಮುಂದಿನ ಪುಟ. ಅವರ ಕೈಗೆ ಮೌಸ್ ಕೊಟ್ಟರೆ ಸರತಿಯಲ್ಲಿ ನಿಂತವರು ಇನ್ನಷ್ಟು ಹೊತ್ತು ನಿಲ್ಲಬೇಕಾಗುತ್ತದೆ. ಅಂಥವರಿಗೆ ಬೇಕಾದದ್ದು ಒಳ್ಳೆಯ ಎಮ್ಯುಲೇಟರ್: ಕಣ್ಣಿಗೆ ಹಿತವಾದ ಅಕ್ಷರಗಾತ್ರ, ತಮಗೆ ಬೇಕಾದಂತೆ ಹೊಂದಿಸಿಕೊಳ್ಳುವ ಕೀಲಿಗಳು, ದೃಷ್ಟಿಹೀನ ನೌಕರರಿಗೆ ಪರದೆ ಓದಿಹೇಳುವ ತಂತ್ರಾಂಶದೊಂದಿಗೆ ಹೊಂದಾಣಿಕೆ.

ಆದರೆ ಕನ್ನಡದ ಪ್ರಶ್ನೆಯಲ್ಲಿ ಈ ಆಕ್ಷೇಪಕ್ಕೆ ತಲೆಬಾಗಲೇಬೇಕು. 3270 ಪರದೆಯ ಒಂದು ಮನೆಗೆ ಒಂದು ಅಕ್ಷರ. ಚೀನೀ, ಜಪಾನೀ, ಕೊರಿಯನ್ ಲಿಪಿಗಳಿಗೆ ಎರಡು ಮನೆ ಕೊಟ್ಟು ಐಬಿಎಂ ದಾರಿ ಮಾಡಿತು, ಅವುಗಳ ಅಕ್ಷರಗಳೆಲ್ಲ ಒಂದೇ ಅಗಲವಾದ್ದರಿಂದ ಅದು ಹೊಂದಿಕೊಂಡಿತು. ಕನ್ನಡ ಹಾಗಲ್ಲ. ಶೀಳನೆರೆ ಎಂಬ ನಾಲ್ಕಕ್ಷರದ ಹೆಸರು ಯೂನಿಕೋಡ್‌ನಲ್ಲಿ ಏಳು ಸಂಕೇತ. ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು. ಒತ್ತಕ್ಷರ ಕೆಳಗೆ ಇಳಿಯುತ್ತದೆ, ದೀರ್ಘ ಪಕ್ಕಕ್ಕೆ ಚಾಚುತ್ತದೆ. ಇಂದಿನ ಮೇನ್‌ಫ್ರೇಮಿನ ದತ್ತಾಂಶ ಕಣಜಗಳು ಯೂನಿಕೋಡ್ ಕನ್ನಡವನ್ನು ಕೆಡದಂತೆ ಇಟ್ಟುಕೊಳ್ಳಬಲ್ಲವು. ಚೌಕಟ್ಟಾದ ಮನೆಗಳ ಪರದೆಗೆ ಅದನ್ನು ಸರಿಯಾಗಿ ತೋರಿಸಲು ಆಗದು. ಈ ಶತಮಾನದ ಆರಂಭದಲ್ಲಿ ರಾಜ್ಯದ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಾಗ ಅದು ಕನ್ನಡದಲ್ಲೇ ಆಯಿತು. ಶೀಳನೆರೆಯ ರೈತ ತನ್ನ ಸರ್ವೆ ನಂಬರಿನ ವಿವರವನ್ನು ತನ್ನ ನುಡಿಯಲ್ಲೇ ಓದುವುದು ಸಾಧ್ಯವಾಯಿತು. ಅಲ್ಲಿ ಹಸಿರು ಪರದೆ ಇದ್ದಿದ್ದರೆ ಇದು ಆಗುತ್ತಿರಲಿಲ್ಲ. ಆದ್ದರಿಂದ ನಾಗರಿಕರು ನೇರವಾಗಿ ನೋಡುವ ಮುಖವೆಲ್ಲ ಕನ್ನಡದ ಜಾಲತಾಣವೋ ಆಪ್‌ವೋ ಆಗಿರಲಿ. ಎಮ್ಯುಲೇಟರ್ ಒಳಗಿನ ನೌಕರರದು, ದುರಸ್ತಿಗಾರರದು. ಎರಡೂ ಕಡೆ ಒಂದನ್ನೇ ತುರುಕುವುದು ಬೇಡ.

ಮೂರನೆಯ ಆಕ್ಷೇಪ ಕಚೇರಿಗಳ ಒಳಗಿನಿಂದಲೇ ಕೇಳಿಬರುವಂಥದು: ನಡೆಯುತ್ತಿರುವುದನ್ನು ಮುಟ್ಟಬೇಡಿ. ಅಪ್‌ಡೇಟ್ ಹಾಕಿದ ಮರುದಿನ ಮ್ಯಾಕ್ರೋ ಕೆಟ್ಟು ದಿನದ ಲೆಕ್ಕ ನಿಂತರೆ ಜವಾಬ್ದಾರರು ಯಾರು? ಈ ಭಯಕ್ಕೆ ಕಾರಣವಿದೆ. ಆದರೆ ಅದು ಅಪ್‌ಡೇಟನ್ನು ಬಿಡಲು ಕಾರಣವಾಗಲಾರದು, ಚಿಕ್ಕ ಚಿಕ್ಕ ಹೆಜ್ಜೆಗಳಲ್ಲಿ ಮಾಡಲು ಕಾರಣ. ವರ್ಷಕ್ಕೆರಡು ಬಾರಿ ಬದಲಿಸಿದರೆ ಏನು ಕೆಟ್ಟಿತೆಂದು ಹುಡುಕುವುದು ಸುಲಭ. ಎಂಟು ವರ್ಷದ ನಂತರ ಒಮ್ಮೆಗೇ ಬದಲಿಸಿದರೆ ಕೆಟ್ಟದ್ದು ಯಾವುದೆಂದು ಹೇಳಬಲ್ಲವರೂ ಅಷ್ಟರಲ್ಲಿ ನಿವೃತ್ತರಾಗಿರುತ್ತಾರೆ. ಪರದೆಯಿಲ್ಲದ ಎಮ್ಯುಲೇಟರ್ ರೂಪಗಳು ಇಲ್ಲೇ ಒದಗುತ್ತವೆ: ಮುಖ್ಯವಾದ ಪರದೆಗಳನ್ನೆಲ್ಲ ತಾನೇ ತೆರೆದು, ತುಂಬಿ, ಬಂದ ಉತ್ತರ ಹಿಂದಿನಂತೆಯೇ ಇದೆಯೇ ಎಂದು ರಾತ್ರೋರಾತ್ರಿ ಹೋಲಿಸಿ ನೋಡುವ ಪರೀಕ್ಷೆಗಳನ್ನು ಅವುಗಳಿಂದ ಬರೆಯಬಹುದು.

ನಿವೃತ್ತರಾಗುವವರ ಜಾಗಕ್ಕೆ ಹೊಸಬರು ಬೇಕೆಂದರೆ ಬೆಂಗಳೂರಿನ ಮಾತೂ ಬರಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಕಂಪ್ಯೂಟರ್ ಕೇಂದ್ರ 1970ರಲ್ಲಿ ಐಬಿಎಂ 360/44ರೊಂದಿಗೆ ಶುರುವಾಯಿತು. 1978ರಲ್ಲಿ ಐಬಿಎಂ ದೇಶ ಬಿಟ್ಟಿತು. 1992ರಲ್ಲಿ ಟಾಟಾ ಜೊತೆ ಸೇರಿ ಮರಳಿದಾಗ ನೆಲೆ ಹೂಡಿದ್ದು ಬೆಂಗಳೂರಿನಲ್ಲೇ. 2000ನೇ ಇಸವಿಯ ದಿನಾಂಕದ ತೊಡಕು ಸರಿಪಡಿಸುವ ಕೆಲಸ ಬಂದಾಗ ಸಾವಿರಾರು ಯುವಕ ಯುವತಿಯರು ಈ ಹಸಿರು ಪರದೆಯಲ್ಲೇ ಕೋಬಾಲ್ ಕಲಿತರು. ಇಂದಿಗೂ ಹೊರದೇಶದ ಬ್ಯಾಂಕುಗಳ ಮೇನ್‌ಫ್ರೇಮ್ ಕೆಲಸದ ದೊಡ್ಡ ಭಾಗ ಆ ನಗರದಿಂದ ನಡೆಯುತ್ತದೆ. ಕೃಷ್ಣರಾಜಪೇಟೆಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, ಬಿ.ಜಿ. ನಗರದ ಬಿಜಿಎಸ್ ತಾಂತ್ರಿಕ ಕಾಲೇಜು, ಶ್ರೀರಂಗಪಟ್ಟಣ ತಾಲ್ಲೂಕಿನ ಬೆಳವಾಡಿಯ ಮಹಾರಾಜ ಕಾಲೇಜುಗಳ ವಿದ್ಯಾರ್ಥಿಗಳಿಗೆ ಈ ಕೆಲಸ ಕೆಲವೇ ಗಂಟೆಗಳ ದೂರದಲ್ಲಿದೆ. ಕಲಿಯಲು ದುಬಾರಿ ಯಂತ್ರ ಬೇಕಿಲ್ಲ. ರೋಜರ್ ಬೌಲರ್ 1999ರಲ್ಲಿ ಹೊರಬಿಟ್ಟ ‘ಹರ್ಕ್ಯುಲಿಸ್’ ಎಂಬ ಉಚಿತ ತಂತ್ರಾಂಶ ಸಾಮಾನ್ಯ ಲ್ಯಾಪ್‌ಟಾಪನ್ನೇ ಮೇನ್‌ಫ್ರೇಮಿನಂತೆ ನಡೆಸುತ್ತದೆ. ಅದರ ಮೇಲೆ ಎಂವಿಎಸ್ 3.8 ಎಂಬ ಹಳೆಯ ಕಾರ್ಯಾಚರಣಾ ವ್ಯವಸ್ಥೆ ಹಾಕಿ, ಎಕ್ಸ್3270ರಿಂದ ಸಂಪರ್ಕಿಸಿದರೆ ಪಾಠ ಶುರು. ಐಬಿಎಂ ತನ್ನ ‘ಜೆಡ್ ಎಕ್ಸ್‌ಪ್ಲೋರ್’ ಮೂಲಕ ನಿಜವಾದ ಮೇನ್‌ಫ್ರೇಮಿನಲ್ಲೇ ಬಿಟ್ಟಿಯಾಗಿ ಅಭ್ಯಾಸ ಮಾಡಲು ಬಿಡುತ್ತದೆ. 2018ರಲ್ಲಿ ಶುರುವಾದ ‘ಝೋವೆ’ಯಂಥ ಮುಕ್ತ ಯೋಜನೆಗಳು ಹೊಸಬರಿಗೆ ಪರಿಚಿತವಾದ ಎಡಿಟರುಗಳಿಂದಲೇ ಮೇನ್‌ಫ್ರೇಮನ್ನು ಮುಟ್ಟುವ ದಾರಿ ತೆರೆದಿವೆ, ಅದು ಸ್ವಾಗತಾರ್ಹ. ಆದರೂ ಒಂದು ವ್ಯವಹಾರದ ಪರದೆ ಗುಮಾಸ್ತರಿಗೆ ಹೇಗೆ ಕಾಣುತ್ತದೋ ಹಾಗೆಯೇ ನೋಡಿ ಪರೀಕ್ಷಿಸಬೇಕೆಂದರೆ 3270 ಬೇಕೇ ಬೇಕು.

ರೈಲ್ವೆಯ ಹೊಸ ವ್ಯವಸ್ಥೆಗಾಗಲಿ, ಮೇನ್‌ಫ್ರೇಮ್ ಇಟ್ಟುಕೊಂಡ ಯಾವುದೇ ಬ್ಯಾಂಕಿಗಾಗಲಿ ಕೇಳಬೇಕಾದ ಪ್ರಶ್ನೆಗಳು ಈ ವಾದದಿಂದಲೇ ಹುಟ್ಟುತ್ತವೆ. ಕೌಂಟರಿನ ಪಿಸಿಯಲ್ಲಿರುವ ಎಮ್ಯುಲೇಟರಿನ ಆವೃತ್ತಿ ಯಾವುದು, ಅದಕ್ಕೆ ತಯಾರಕರ ಬೆಂಬಲ ಯಾವ ವರ್ಷದವರೆಗಿದೆ, ಗೂಢಲಿಪಿಯಿಲ್ಲದ ಸಂಪರ್ಕ ಇನ್ನೂ ಎಲ್ಲಾದರೂ ಉಳಿದಿದೆಯೇ, ಮ್ಯಾಕ್ರೋಗಳನ್ನು ಬರೆದವರು ಯಾರು, ಅವುಗಳ ಪ್ರತಿ ಎಲ್ಲಿದೆ. ಸರ್ವರಿನ ಟೆಂಡರಿನಲ್ಲಿ ಪುಟಗಟ್ಟಲೆ ಷರತ್ತು ಬರೆಯುವವರು ಈ ಪ್ರಶ್ನೆಗಳನ್ನೂ ಸೇರಿಸಲಿ. ಉಚಿತ ಎಮ್ಯುಲೇಟರ್ ಬಳಸುವ ಸಂಸ್ಥೆಗಳು ಅದರಲ್ಲಿ ಕಂಡ ದೋಷವನ್ನು ತಮ್ಮಲ್ಲೇ ಮುಚ್ಚಿಟ್ಟುಕೊಳ್ಳದೆ ಅದನ್ನು ನೋಡಿಕೊಳ್ಳುವವರಿಗೆ ತಿಳಿಸಲಿ, ತಮ್ಮ ಎಂಜಿನಿಯರುಗಳ ಒಂದಷ್ಟು ವೇಳೆಯನ್ನೂ ಅದಕ್ಕೆ ಕೊಡಲಿ.